ಚುಚ್ಚದೆ ಬಿಟ್ಟ ಬಿಳಿ ನಾಮ

ಅಕ್ಕನ ಮಗ ಮೊಬೈಲಿನಲ್ಲಿದ್ದ ನಲವತ್ತು ಫೋಟೊಗಳನ್ನು ತೋರಿಸಿದ. ಟ್ಯಾಟೂ ಹಾಕುವಾತ ಮೂವತ್ತೊಂಬತ್ತನ್ನು ಬೇಡ ಎಂದ. ಒಂದರಲ್ಲಿ ಫ್ಲ್ಯಾಶ್ ಬಿದ್ದು ನಾಯಿಯ ಕಣ್ಣು ಹಸಿರಾಗಿತ್ತು, ಇನ್ನೊಂದರಲ್ಲಿ ಓಡುವ ಭರಕ್ಕೆ ಮೋರೆಯೇ ಅಳಿಸಿಹೋಗಿತ್ತು. ಕೊನೆಗೆ ಉಳಿದದ್ದು ಮುಧೋಳದ ಮನೆಯ ಕಟ್ಟೆಯ ಮೇಲೆ ಸಂಜೆ ತೆಗೆದ ಒಂದು ಚಿತ್ರ. ಇಳಿಬಿಸಿಲು ಎಡದಿಂದ ಬಿದ್ದು ಅರ್ಧ ಮೋರೆ ಬೆಳಗುತ್ತಿತ್ತು, ಉಳಿದರ್ಧ ಕತ್ತಲಲ್ಲಿತ್ತು.

“ಇದ್ರಾಗ ಕಿವಿ ಸರಿ ಕಾಣಂಗಿಲ್ರಿ ಅಣ್ಣಾ,” ಎಂದ ಅಳಿಯ.

“ಕಿವಿ ಬೇರೆ ಫೋಟೊದಿಂದ ತಗೋತೀನಿ. ನೆರಳು ಎಲ್ಲಿಂದ ತರ್ಲಿ?” ಎಂದ ಆತ.

ಬಿಜಲಿ ಸತ್ತು ಆರು ತಿಂಗಳಾಗಿತ್ತು. ನಮ್ಮ ಕಡೆಯ ಮುಧೋಳ ಬೇಟೆನಾಯಿ. ಘೋರ್ಪಡೆ ಅರಸರು ಸಾಕಿ ಬೆಳೆಸಿದ, 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ತಳಿ. ಉದ್ದ ಮೋರೆ, ಆಳವಾದ ಎದೆ, ಬೆನ್ನಿಗಂಟಿದ ಹೊಟ್ಟೆ. ಇದರ ಹಣೆಯ ಮೇಲೆ ಮಾತ್ರ ಬೆರಳಗಲದ ಬಿಳಿ ಪಟ್ಟೆಯಿತ್ತು. ನಮ್ಮವ್ವ ಅದನ್ನು ‘ನಾಮ’ ಎನ್ನುತ್ತಿದ್ದಳು. ಆ ನಾಯಿಯನ್ನು ಬಲಗೈಯ ಮೇಲೆ ಹಾಕಿಸಿಕೊಳ್ಳಬೇಕು, ಬಣ್ಣ ಬೇಡ, ಫೋಟೊ ಇದ್ದಂಗೇ ಇರಬೇಕು ಎಂದು ಅಳಿಯ ಹಟ ಹಿಡಿದಿದ್ದ. ಬೆಂಗಳೂರಿನಲ್ಲಿ ಅವನಿಗಿರುವ ಹಿರಿಯ ನಾನೊಬ್ಬನೇ, ಹಾಗಾಗಿ ಜೊತೆಗೆ ಹೋಗಿದ್ದೆ.

ಹಚ್ಚೆ ನನಗೆ ಹೊಸತಲ್ಲ. ಅವ್ವನ ಮುಂಗೈ ಮೇಲೆ ಚೇಳಿದೆ, ಗದ್ದದ ಮೇಲೆ ಮೂರು ಚುಕ್ಕಿಗಳಿವೆ. ಮದುವೆಗೆ ಮೊದಲು ಊರಿಗೆ ಬಂದ ಕೊರವಂಜಿ ಸೂಜಿಗಳನ್ನು ದಾರದಲ್ಲಿ ಕಟ್ಟಿ, ದೀಪದ ಕಾಡಿಗೆಯಲ್ಲಿ ಅದ್ದಿ ಚುಚ್ಚಿದ್ದಂತೆ. ಆ ಕಪ್ಪು ಈಗ ಹಸಿರಾಗಿ ಕಾಣುತ್ತದೆ. ಬಣ್ಣ ಬದಲಾದದ್ದಲ್ಲ, ಕಪ್ಪಿನ ಮೇಲೆ ಚರ್ಮದ ಪದರ ಕೂತಿರುವುದರಿಂದ ಕಣ್ಣಿಗೆ ಹಾಗೆ ತೋರುತ್ತದೆ. ಅವ್ವನ ಚೇಳಿಗೆ ನೆರಳಿಲ್ಲ. ರಂಗೋಲಿಯ ಹಾಗೆ ಬರೀ ಗೆರೆ ಮತ್ತು ಚುಕ್ಕಿ. ಗೆರೆ ಕಂಡರೆ ಸಾಕು, ಚೇಳೆಂದು ಗೊತ್ತಾಗುತ್ತದೆ. ಬಿಜಲಿಗೆ ಅಷ್ಟು ಸಾಲದು. ಗೆರೆಯಲ್ಲಿ ಬರೆದರೆ ಅದು ಯಾವುದೋ ಒಂದು ನಾಯಿ ಆದೀತು.

ಚರ್ಮದ ಮೇಲೆ ನೆರಳು ಬಿಡಿಸುವ ಈ ‘ಬ್ಲ್ಯಾಕ್ ಅಂಡ್ ಗ್ರೇ’ ಶೈಲಿ ಬೆಳೆದದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಜೈಲುಗಳಲ್ಲಿ. ಟ್ಯಾಟೂ ಯಂತ್ರಕ್ಕೆ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ’ರೈಲಿ 1891ರಲ್ಲೇ ಪೇಟೆಂಟ್ ಪಡೆದಿದ್ದ. ಎಡಿಸನ್‌ನ ವಿದ್ಯುತ್ ಲೇಖನಿಯೇ ಅದರ ಮೂಲ. ಆದರೆ ಜೈಲಿನಲ್ಲಿ ಯಂತ್ರವೂ ಇಲ್ಲ, ಬಣ್ಣವೂ ಇಲ್ಲ. ಮೆಕ್ಸಿಕನ್ ಮೂಲದ ಕೈದಿಗಳು ಟೇಪ್‌ರೆಕಾರ್ಡರಿನ ಮೋಟಾರಿಗೆ ಗಿಟಾರಿನ ತಂತಿ ಸಿಕ್ಕಿಸಿ, ಬಾಲ್‌ಪೆನ್ನಿನ ಕೊಳವೆಯಲ್ಲಿ ತೂರಿಸಿ ಸೂಜಿ ಮಾಡಿಕೊಂಡರು. ಎಣ್ಣೆ ಸುಟ್ಟ ಮಸಿಯೇ ಶಾಯಿ. ಇದ್ದದ್ದು ಒಂದೇ ಸೂಜಿ, ಒಂದೇ ಕಪ್ಪು. ಆ ಕಪ್ಪಿಗೆ ನೀರು ಬೆರೆಸಿದಾಗ ಬೂದಿಬಣ್ಣ ಸಿಕ್ಕಿತು. ಕನ್ಯೆ ಮರಿಯಳ ಮುಖ, ಬಿಟ್ಟುಬಂದ ಹೆಂಡತಿಯ ಮುಖ ಅದರಲ್ಲಿ ಮೂಡಿದವು.

1975ರಲ್ಲಿ ಪೂರ್ವ ಲಾಸ್ ಏಂಜಲೀಸ್‌ನಲ್ಲಿ ಚಾರ್ಲಿ ಕಾರ್ಟ್‌ರೈಟ್ ಮತ್ತು ಜ್ಯಾಕ್ ರೂಡಿ ‘ಗುಡ್ ಟೈಮ್ ಚಾರ್ಲೀಸ್ ಟ್ಯಾಟೂಲ್ಯಾಂಡ್’ ತೆರೆದು ಈ ಒಂಟಿ ಸೂಜಿಯ ಕೆಲಸವನ್ನು ಅಂಗಡಿಗೆ ತಂದರು. ಸೆರೆಯಲ್ಲೇ ಕೈ ಪಳಗಿಸಿಕೊಂಡಿದ್ದ ಫ್ರೆಡ್ಡಿ ನೆಗ್ರೆಟೆ ಮುಂದೆ ಅಲ್ಲಿ ಸೇರಿಕೊಂಡ. ಇಂದು ಹುಲಿ, ಆನೆ, ಸಾಕುನಾಯಿಗಳನ್ನು ಫೋಟೊದಂತೆ ಮೂಡಿಸುವವರೆಲ್ಲ ಅವರ ದಾರಿಯವರೇ. ಅವ್ವನ ಕಾಡಿಗೆ, ಆ ಕೈದಿಗಳ ಮಸಿ, ಈ ಸ್ಟುಡಿಯೊದ ಬಾಟಲಿಯ ಶಾಯಿ ಮೂರೂ ಇಂಗಾಲವೇ.

ಎರಡನೆಯ ಭೇಟಿಗೆ ಚಿತ್ರ ಸಿದ್ಧವಾಗಿತ್ತು. ಅಂಗೈಗಿಂತ ಚಿಕ್ಕದು ಬೇಡ ಎಂದು ಆತ ಮೊದಲೇ ಹೇಳಿದ್ದ. ವರ್ಷಗಳು ಕಳೆದಂತೆ ಗೆರೆ ಒಂಚೂರು ಹರಡುತ್ತದೆ, ಚಿಕ್ಕ ಕಣ್ಣು ಬರೀ ಮಚ್ಚೆಯಾಗುತ್ತದೆ. ಕೈಯ ಕೂದಲು ಬೋಳಿಸಿ, ಒರೆಸಿ, ಅಳಿಯನನ್ನು ಕೈ ಇಳಿಬಿಟ್ಟು ನಿಲ್ಲಲು ಹೇಳಿದ. ಕುರ್ಚಿಯ ಮೇಲೆ ಕೈ ಚಾಚಿದಾಗ ಸ್ನಾಯು ತಿರುಚಿಕೊಳ್ಳುತ್ತದೆ. ಆಗ ನೇರ ಕಂಡ ಮೋರೆ ನಿಂತಾಗ ಸೊಟ್ಟಗಾಗುತ್ತದೆ. ನೇರಳೆ ಬಣ್ಣದ ಸ್ಟೆನ್ಸಿಲ್ ಎರಡು ಸಲ ಅಳಿಸಿ, ಮೂರನೇ ಸಲ ಕೂತಿತು.

ಮೇಜಿನ ಮೇಲೆ ಐದು ಪುಟ್ಟ ಬಟ್ಟಲುಗಳು. ಒಂದರಲ್ಲಿ ಅಚ್ಚಗಪ್ಪು. ಉಳಿದ ನಾಲ್ಕರಲ್ಲಿ ಶುದ್ಧೀಕರಿಸಿದ ನೀರಿಗೆ ಹನಿ ಲೆಕ್ಕದಲ್ಲಿ ಕಪ್ಪು ಬಿದ್ದು, ಕೊನೆಯದು ಹೆಚ್ಚುಕಡಿಮೆ ಅಕ್ಕಿ ತೊಳೆದ ನೀರಿನಂತಿತ್ತು. ಸೂಜಿಯ ಪೊಟ್ಟಣವನ್ನು ನಮ್ಮೆದುರೇ ಒಡೆದ. ಒಂದು ಸಲ ಬಳಸಿ ಎಸೆಯುವಂಥವು. ಸೂಜಿ ಇಂಜೆಕ್ಷನ್ನಿನಂತೆ ಶಾಯಿಯನ್ನು ಒಳಗೆ ತಳ್ಳುವುದಿಲ್ಲ. ಒಟ್ಟಾಗಿರುವ ಸೂಜಿಗಳ ಸಂದಿನಲ್ಲಿ ಹಿಡಿದುಕೊಂಡ ಶಾಯಿ ತೂತಿನೊಳಗೆ ಇಳಿಯುತ್ತದೆ. ಒಂದೆರಡು ಮಿಲಿಮೀಟರ್ ಆಳ, ಅಷ್ಟೆ. ಮೇಲಾದರೆ ಉದುರಿಹೋಗುತ್ತದೆ, ಕೆಳಗಿಳಿದರೆ ಕದಡಿದ ನೀರಿನಂತೆ ಹಬ್ಬುತ್ತದೆ.

ಆತ ಚಿತ್ರದ ಕೆಳಗಿನ ಬಲತುದಿಯಿಂದ ಶುರುಮಾಡಿದ. ಬಲಗೈಯವರು ಮೇಲಿಂದ ತೊಡಗಿದರೆ ಒರೆಸುವಾಗ ಸ್ಟೆನ್ಸಿಲ್ಲೂ ಅಳಿದುಹೋಗುತ್ತದಂತೆ. ಮೊದಲು ಕುತ್ತಿಗೆಯ ಕತ್ತಲು, ಆಮೇಲೆ ದವಡೆ. ಉದ್ದ ಕೂದಲಿನ ನಾಯಿಯಾದರೆ ಒಂದೊಂದು ಎಳೆ ಎಳೆದು ತಪ್ಪು ಮುಚ್ಚಬಹುದು. ಬಿಜಲಿಯದು ಅಂಟಿಕೊಂಡ ಮೋಟುಗೂದಲು, ಒಳಗಿನ ಎಲುಬು ಕಾಣಬೇಕು. ಎರಡು ಸಾಲಿನ ಅಗಲ ಸೂಜಿಯಿಂದ ತಿಳಿಯಾದ ಬೂದಿಯನ್ನು ಮತ್ತೆ ಮತ್ತೆ ಹಾಯಿಸಿದ. ಮೂರನೇ ತಾಸಿಗೆ ಅಳಿಯನ ಹಣೆಯಲ್ಲಿ ಬೆವರು. “ಮಾಮಾ, ಊರಿನ ಸುದ್ದಿ ಏನರ ಹೇಳ,” ಎಂದ. ಈ ವರ್ಷದ ಕಬ್ಬಿನ ಬಿಲ್ಲಿನ ವಿಷಯ ಹೇಳುತ್ತ ಕೂತೆ.

ಜಗಳವಾದದ್ದು ನಾಮದ ವಿಷಯಕ್ಕೆ. “ಅಲ್ಲಿ ಬಿಳಿ ಶಾಯಿ ಹಾಕ್ರಿ,” ಎಂದ ಇವನು. ಆತ ಯಂತ್ರ ನಿಲ್ಲಿಸಿದ.

“ಬಿಳಿ ಹಾಕಿದ್ರೆ ಇವತ್ತು ಚೆನ್ನಾಗಿ ಕಾಣುತ್ತೆ. ನಮ್ಮಂಥೋರ ಚರ್ಮದಲ್ಲಿ ಸ್ವಲ್ಪ ದಿನಕ್ಕೆ ಹಳದಿಯಾಗುತ್ತೆ. ನಾನು ಅಲ್ಲಿ ಏನೂ ಹಾಕಲ್ಲ.”

“ನನ್ನ ಮೈಬಣ್ಣ ಬಿಳಿ ಅಲ್ಲಲ್ರಿ?”

“ಸುತ್ತ ಕಪ್ಪು ಮಾಡ್ತೀನಿ. ನೀವೇ ನೋಡಿ.”

ಪಾಶ್ಚಾತ್ಯರ ಪುಸ್ತಕ ನೋಡಿ ಕಲಿತವರು ಎಡವುವುದು ಇಲ್ಲೇ ಎಂದು ಆತ ಆಮೇಲೆ ವಿವರಿಸಿದ. ಈ ಶೈಲಿಯಲ್ಲಿ ಬೆಳಕಿಗೆ ಬೇರೆ ಬಣ್ಣವಿಲ್ಲ, ಚುಚ್ಚದೆ ಬಿಟ್ಟ ಚರ್ಮವೇ ಬೆಳಕು. ಗೋಧಿಬಣ್ಣದ, ಎಣ್ಣೆಗಪ್ಪಿನ ಮೈಯಲ್ಲಿ ತೀರ ತೆಳು ಬೂದಿ ಮಾಸಿಹೋಗುತ್ತದೆ. ಹಾಗಾಗಿ ಕತ್ತಲನ್ನು ಇನ್ನಷ್ಟು ಗಾಢ ಮಾಡಿ, ಖಾಲಿ ಜಾಗವನ್ನು ಇನ್ನಷ್ಟು ಅಗಲ ಬಿಡಬೇಕು. ಬಿಳಿ ಶಾಯಿ ಬಳಸಿದ್ದು ಒಂದೇ ಕಡೆ, ಕಣ್ಣಿನ ಹೊಳಪಿಗೆ, ಸಾಸಿವೆಯಷ್ಟು. ಅದು ಬಿದ್ದ ಕ್ಷಣ ಅಳಿಯ ಕೈಯಿಂದ ಮುಖ ತಿರುಗಿಸಿ ಕಿಟಕಿಯತ್ತ ನೋಡತೊಡಗಿದ. ಆತನೂ ಸ್ವಲ್ಪ ಹೊತ್ತು ಬಟ್ಟಲುಗಳನ್ನು ಒರೆಸುತ್ತ ಕೂತ.

ಚರ್ಮ ಸುಲಿದು ಮಾಯಲು ಮೂರು ವಾರ ಹಿಡಿಯಿತು. ಹೊರಗಿನ ಗಾಯ ಮಾಯುತ್ತದೆ, ಒಳಗಿನ ಕೆಲಸ ನಿಲ್ಲುವುದಿಲ್ಲ. ಮೈಗೆ ಹೊಕ್ಕ ಕಸ ತಿನ್ನುವ ಕೋಶಗಳು ಈ ಇಂಗಾಲವನ್ನು ನುಂಗುತ್ತವೆ, ಅರಗಿಸಲಾರವು. ಅವು ಸತ್ತಾಗ ಹೊರಬಿದ್ದ ಕಣಗಳನ್ನು ಹೊಸ ಕೋಶಗಳು ಅಲ್ಲೇ ನುಂಗಿ ಇಟ್ಟುಕೊಳ್ಳುತ್ತವೆ. ಫ್ರಾನ್ಸಿನ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ಮಾಡಿ 2018ರಲ್ಲಿ ಇದನ್ನು ತೋರಿಸಿದರು. ಅವ್ವನ ಚೇಳು ಇಷ್ಟು ವರ್ಷ ಕೂತಲ್ಲೇ ಕೂತಿರುವುದು ಹೀಗೆ, ಕೈಯಿಂದ ಕೈಗೆ ದಾಟುತ್ತ.

ದೀಪಾವಳಿಗೆ ಊರಿಗೆ ಹೋದಾಗ ಅಳಿಯ ತೋಳು ಮಡಿಸಿ ಆಯಿಯ ಮುಂದೆ ಕೂತ. ಅವ್ವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಬೈಯುತ್ತಾಳೆಂದುಕೊಂಡಿದ್ದೆವು. ಮೂಗಿನಿಂದ ಮೇಲಕ್ಕೆ ಹೆಬ್ಬೆರಳು ಸರಿಸುತ್ತ ಹೋಗಿ ಹಣೆಯ ಮೇಲೆ ನಿಲ್ಲಿಸಿದಳು.

“ನಾಮ ಭಾಳ ಚಲೋ ಬಂದೈತಿ. ಏನ್ ಹಚ್ಯಾರೋ ಇಲ್ಲಿ?”

“ಏನೂ ಹಚ್ಚಿಲ್ಲ ಆಯಿ. ಅದು ನನ್ನ ತೊಗಲ.”