ಬೋರ್ ಪೈಪ್ ಸದ್ದು ಮಾಡಿದರೆ ನೀರು ಬತ್ತಿತು ಎಂದರ್ಥವೇ?

ಬೇಸಿಗೆ ಬಂತೆಂದರೆ ಹಳ್ಳಿಗಳಲ್ಲಿ ಒಂದು ಮಾತು ಓಡಾಡುತ್ತದೆ: ಮೋಟಾರ್ ಹಾಕಿದಾಗ ಪೈಪ್ ಗುಡುಗಿದರೆ, ನಲ್ಲಿಯಲ್ಲಿ ಗಾಳಿ ಬುಸುಗುಟ್ಟಿದರೆ ಬೋರ್‌ನ ಕಥೆ ಮುಗಿಯಿತು, ಬೇಗ ಹೊಸ ಪಾಯಿಂಟ್ ನೋಡಿಸಿ. ಇದು ಅರ್ಧ ಸತ್ಯ. ಸದ್ದು ಯಾವುದು, ಯಾವಾಗ ಬರುತ್ತದೆ ಎಂದು ಗಮನಿಸದೆ ಹೊಸ ಬೋರ್ ಕೊರೆಸಿದರೆ ಲಕ್ಷಾಂತರ ರೂಪಾಯಿ ವ್ಯರ್ಥವಾಗಬಹುದು. ನಿಜವಾದ ಎಚ್ಚರಿಕೆಯನ್ನು ಕಡೆಗಣಿಸಿದರೆ ಮೋಟಾರ್ ಸುಡಬಹುದು.

ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಹೋಬಳಿಯನ್ನೇ ನೋಡಿ. ಅಡಿಕೆ ತೋಟಗಳ ಸೀಮೆ. ಭದ್ರಾ ನೀರನ್ನು ಮೇಲೆತ್ತಿ ಕೆರೆ ತುಂಬಿಸುವ ಏತ ನೀರಾವರಿ ಯೋಜನೆ ಇದ್ದರೂ ತೋಟಕ್ಕೂ ಮನೆಗೂ ಬೋರ್ ಬೇಕೇ ಬೇಕು. ಇಲ್ಲಿನದು ಗಟ್ಟಿ ಬಂಡೆ. ನೀರು ಸಿಗುವುದು ಬಂಡೆಯ ಬಿರುಕುಗಳಲ್ಲಿ ಮಾತ್ರ. ಪಂಪ್ ಎಳೆಯುವಷ್ಟು ವೇಗವಾಗಿ ಬಿರುಕಿನಿಂದ ನೀರು ಬರದಿದ್ದರೆ ಮಟ್ಟ ಇಳಿಯುತ್ತಾ ಹೋಗುತ್ತದೆ.

ಹಾಗಾಗಿ ಮೊದಲು ನೋಡಬೇಕಾದದ್ದು ಗಡಿಯಾರ. ಮೋಟಾರ್ ಹಾಕಿದ ಮೊದಲ ಕೆಲವು ಸೆಕೆಂಡ್ ಮಾತ್ರ ಗಾಳಿ ಬಂದು, ಆಮೇಲೆ ಧಾರೆ ತುಂಬಿ ಬಂದರೆ ಬೋರ್ ಬತ್ತಿಲ್ಲ. ಮೋಟಾರ್ ನಿಂತಾಗ ಪೈಪಿನಲ್ಲಿದ್ದ ನೀರು ಕೆಳಗೆ ಇಳಿದುಹೋಗಿದೆ, ಆ ಜಾಗಕ್ಕೆ ಗಾಳಿ ಸೇರಿದೆ ಅಷ್ಟೆ. ನೀರು ಹಿಂದಕ್ಕೆ ಹೋಗದಂತೆ ತಡೆಯುವ ಎನ್‌ಆರ್‌ವಿ ವಾಲ್ವ್ ಸವೆದಿರಬಹುದು, ಇಲ್ಲವೇ ಕೊಳವೆಯೊಳಗಿನ ಪೈಪಿನ ಜಾಯಿಂಟ್ ಸೋರುತ್ತಿರಬಹುದು. ಇದು ರಿಪೇರಿ ಕೆಲಸ.

ಅರ್ಧ ಗಂಟೆ ಚೆನ್ನಾಗಿ ಓಡಿದ ಮೇಲೆ ನೀರು ಗ್ಯಾಪ್ ಕೊಡಲು ಶುರುವಾದರೆ ವಿಷಯ ಬೇರೆ. ನೀರಿನ ಮಟ್ಟ ಪಂಪಿನ ತನಕ ಇಳಿದಿದೆ. ಆಗ ಲೋಟದಲ್ಲಿ ಹಿಡಿದ ನೀರು ಹಾಲಿನಂತೆ ಬಿಳಿಯಾಗಿದ್ದು, ತಳದಿಂದ ಮೇಲಕ್ಕೆ ತಿಳಿಯಾಗುತ್ತಾ ಬಂದರೆ ಅದು ಗಾಳಿಯ ಗುಳ್ಳೆಗಳು. ತಕ್ಷಣ ಮೋಟಾರ್ ನಿಲ್ಲಿಸಿ. ಸಬ್‌ಮರ್ಸಿಬಲ್ ಮೋಟಾರ್ ತಂಪಾಗುವುದೇ ಸುತ್ತ ಹರಿಯುವ ನೀರಿನಿಂದ. ರಾತ್ರಿ ಕರೆಂಟ್ ಬಂದಾಗ ಆಟೋ ಸ್ಟಾರ್ಟರ್ ತಾನೇ ಮೋಟಾರ್ ಹಾಕುವ ಮನೆಗಳಲ್ಲಿ ಈ ಸದ್ದು ಕೇಳಲು ಯಾರೂ ಎದ್ದಿರುವುದಿಲ್ಲ. ಅಲ್ಲಿ ಡ್ರೈ ರನ್ ಪ್ರಿವೆಂಟರ್ ಹಾಕಿಸುವುದೇ ಸರಿ. ನೀರಿಲ್ಲದಾಗ ಮೋಟಾರ್ ಎಳೆಯುವ ಕರೆಂಟ್ ಕಡಿಮೆಯಾಗುತ್ತದೆ; ಅದನ್ನು ಗುರುತಿಸಿ ಅದು ಆಫ್ ಮಾಡುತ್ತದೆ.

ಗ್ಯಾಪ್ ಕೊಟ್ಟ ಮಾತ್ರಕ್ಕೂ ಬೋರ್ ಸತ್ತಿತು ಎನ್ನಬೇಡಿ. ಎರಡು ಗಂಟೆ ಬಿಟ್ಟು ಮತ್ತೆ ಹಾಕಿ, ಎಷ್ಟು ನಿಮಿಷಕ್ಕೆ ಗ್ಯಾಪ್ ಬರುತ್ತದೆ ಎಂದು ಒಂದು ವಾರ ಬರೆದಿಡಿ. ಸಮಯ ಹೆಚ್ಚೂಕಡಿಮೆ ಒಂದೇ ಇದ್ದರೆ ಒಳಗೆ ನೀರು ಬಂದು ಸೇರುತ್ತಿದೆ. ಅಷ್ಟು ಹೊತ್ತು ಮಾತ್ರ ಓಡಿಸಿ, ಅಥವಾ ಗೇಟ್ ವಾಲ್ವ್ ಸ್ವಲ್ಪ ತಿರುಗಿಸಿ ಧಾರೆ ತಗ್ಗಿಸಿ. ಪೂರ್ತಿ ಮುಚ್ಚಬಾರದು. ಸಮಯ ದಿನದಿನಕ್ಕೆ ಕುಗ್ಗುತ್ತಿದ್ದರೆ, ಬೋರ್ ಎಷ್ಟು ಆಳ, ಪಂಪ್ ಎಷ್ಟು ಆಳದಲ್ಲಿ ಕೂತಿದೆ ಎಂದು ಮೊದಲು ವಿಚಾರಿಸಿ. ಪಂಪನ್ನು ಇನ್ನಷ್ಟು ಇಳಿಸಲು ಜಾಗ ಇರಬಹುದು.

ಮೋಟಾರ್ ನಿಂತ ಕ್ಷಣ ಅಥವಾ ನಲ್ಲಿ ಫಟ್ಟನೆ ಮುಚ್ಚಿದಾಗ ಬರುವ 'ಢಬ್' ಸದ್ದಿಗೂ ನೀರಿನ ಕೊರತೆಗೂ ಸಂಬಂಧವಿಲ್ಲ. ಓಡುತ್ತಿದ್ದ ನೀರು ದಿಢೀರನೆ ನಿಂತು ಪೈಪಿಗೆ ಗುದ್ದುತ್ತದೆ. ಇದನ್ನು ವಾಟರ್ ಹ್ಯಾಮರ್ ಎನ್ನುತ್ತಾರೆ. ರಷ್ಯಾದ ವಿಜ್ಞಾನಿ ನಿಕೊಲಾಯ್ ಜುಕೋವ್‌ಸ್ಕಿ ಮಾಸ್ಕೋದ ನೀರಿನ ಪೈಪ್‌ಗಳಲ್ಲಿ ಪ್ರಯೋಗ ಮಾಡಿ ಇದರ ಲೆಕ್ಕವನ್ನು 1898ರಲ್ಲೇ ಪ್ರಕಟಿಸಿದ್ದರು. ಸೆಕೆಂಡಿಗೆ 1 ಮೀಟರ್ ವೇಗದ ನೀರು ಪಿವಿಸಿ ಪೈಪಿನಲ್ಲಿ ಥಟ್ಟನೆ ನಿಂತರೆ ಸುಮಾರು 40 ಮೀಟರ್ ಎತ್ತರದ ನೀರಿನಷ್ಟು ಹೆಚ್ಚುವರಿ ಒತ್ತಡ ಏಳುತ್ತದೆ. ಅಂಗಡಿಯಲ್ಲಿ '6 ಕೆಜಿ ಪೈಪ್' ಎಂದು ಕೊಡುವುದು ತಡೆಯುವುದೇ 60 ಮೀಟರ್‌ನಷ್ಟು. ಮೊದಲೇ ಇರುವ ಒತ್ತಡಕ್ಕೆ ಈ ಗುದ್ದು ಸೇರಿದರೆ ಜಾಯಿಂಟ್ ಬಿಡುವುದರಲ್ಲಿ ಆಶ್ಚರ್ಯವೇನಿದೆ? ಪೈಪನ್ನು ಗೋಡೆಗೆ ಕ್ಲ್ಯಾಂಪ್ ಹಾಕಿ ಬಿಗಿಯಿರಿ, ನಲ್ಲಿಯನ್ನು ನಿಧಾನ ಮುಚ್ಚಿ. ಮೋಟಾರ್ ನಿಂತಾಗಲೇ ಸದ್ದು ಬರುತ್ತಿದ್ದರೆ ಎನ್‌ಆರ್‌ವಿ ಪರೀಕ್ಷಿಸಿ. ತಡವಾಗಿ ಮುಚ್ಚುವ ವಾಲ್ವ್ ಹಿಂದಿರುಗುವ ನೀರಿನ ಹೊಡೆತಕ್ಕೆ ಬಡಿದುಕೊಳ್ಳುತ್ತದೆ. ಸದ್ದು ಹೋಗಲೆಂದು ಎನ್‌ಆರ್‌ವಿಯನ್ನೇ ಬಿಚ್ಚಿಸುವವರೂ ಇದ್ದಾರೆ, ಅದು ತಪ್ಪು.

ಸಂಜೆಯ ಮೇಲೆ, ಯಾರೂ ನೀರು ಬಳಸದಿದ್ದಾಗ ಚಾವಣಿಯ ಪೈಪ್ 'ಟಕ್ ಟಕ್' ಎಂದರೆ ಅದು ದೆವ್ವವೂ ಅಲ್ಲ, ಸೋರಿಕೆಯೂ ಅಲ್ಲ. ಬಿಸಿಲಿಗೆ ಹಿಗ್ಗಿದ ಪಿವಿಸಿ ತಣ್ಣಗಾಗಿ ಕುಗ್ಗುತ್ತಿದೆ. 10 ಮೀಟರ್ ಪೈಪ್ 20 ಡಿಗ್ರಿ ತಣ್ಣಗಾದರೆ ಒಂದು ಸೆಂಟಿಮೀಟರಿಗಿಂತ ಹೆಚ್ಚೇ ಕುಗ್ಗುತ್ತದೆ. ನಲ್ಲಿ ಸೀಟಿ ಹೊಡೆದರೆ ಒಳಗಿನ ವಾಷರ್ ಬದಲಿಸಿ, ಕೆಲವೇ ರೂಪಾಯಿಯ ಖರ್ಚು.

ನೀರಿನ ಜೊತೆ ಮರಳು ಬರುತ್ತಿದ್ದು, ಮೋಟಾರ್ ಕಡೆಯಿಂದ ಕರಕರ ಸದ್ದು ಕೇಳಿದರೆ ಕಾಯಬೇಡಿ, ಆಫ್ ಮಾಡಿ ಮೆಕ್ಯಾನಿಕ್ ಕರೆಸಿ. ಫೋನಿನಲ್ಲಿ ಹೇಳುವಾಗ 'ಸದ್ದು ಬರ್ತಿದೆ' ಎಂದಷ್ಟೇ ಹೇಳದೆ, ಮೋಟಾರ್ ಹಾಕಿದಾಗಲೋ, ಓಡುವಾಗಲೋ, ನಿಂತಾಗಲೋ ಎಂದು ತಿಳಿಸಿ. ಬರುವಾಗಲೇ ಅವರು ಸರಿಯಾದ ಸಾಮಾನು ತರುತ್ತಾರೆ.