ಕಾಂತಕ್ಷೇತ್ರದಲ್ಲಿ ಬೆಳೆಯುವ ಮೀನಿನ ಮರಿ

ದಿಕ್ಸೂಚಿಯ ಮುಳ್ಳನ್ನು ಉತ್ತರಕ್ಕೆ ತಿರುಗಿಸುವ ಭೂಮಿಯ ಕಾಂತಕ್ಷೇತ್ರ ಬಹಳ ದುರ್ಬಲವಾದದ್ದು. ಭೂಮಿಯ ಮೇಲ್ಮೈಯಲ್ಲಿ ಅದರ ಪ್ರಮಾಣ ಸುಮಾರು 25ರಿಂದ 65 ಮೈಕ್ರೋಟೆಸ್ಲಾ ಮಾತ್ರ. ಇಷ್ಟು ಕ್ಷೀಣ ಕ್ಷೇತ್ರವನ್ನೂ ಗ್ರಹಿಸಿ ದಾರಿ ಕಂಡುಕೊಳ್ಳುವ ಮೀನುಗಳಿವೆ. ಅವುಗಳ ಪರಿಸರಕ್ಕೆ ನಾವು ಇನ್ನೊಂದು ಕಾಂತಕ್ಷೇತ್ರವನ್ನು ಸೇರಿಸಿದರೆ ಏನಾಗಬಹುದು?

ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ಯೂರೋಪಿನ ಉತ್ತರ ಸಮುದ್ರದ ತಳದಲ್ಲಿ ವಿದ್ಯುತ್ ಕೇಬಲ್‌ಗಳು ಹೆಚ್ಚುತ್ತಿವೆ. ನಾರ್ವೆ ಮತ್ತು ನೆದರ್ಲೆಂಡ್ಸ್ ದೇಶಗಳನ್ನು ಜೋಡಿಸುವ 580 ಕಿ.ಮೀ. ಉದ್ದದ ಕೇಬಲ್ 2008ರಲ್ಲಿ ಕೆಲಸ ಆರಂಭಿಸಿತು. ಸಮುದ್ರದಲ್ಲಿ ನಿಲ್ಲಿಸಿದ ಗಾಳಿಯಂತ್ರಗಳ ವಿದ್ಯುತ್ತೂ ಇಂಥ ಕೇಬಲ್‌ಗಳ ಮೂಲಕವೇ ದಡ ಸೇರುತ್ತದೆ. ಕೇಬಲ್‌ನ ಲೋಹದ ಕವಚ ವಿದ್ಯುತ್ ಕ್ಷೇತ್ರವನ್ನು ತಡೆಯುತ್ತದೆ, ಕಾಂತಕ್ಷೇತ್ರವನ್ನು ತಡೆಯುವುದಿಲ್ಲ. 1000 ಆಂಪೇರ್ ಹರಿಯುವ ಒಂಟಿ ತಂತಿಯಿಂದ ಒಂದು ಮೀಟರ್ ದೂರದಲ್ಲಿ 200 ಮೈಕ್ರೋಟೆಸ್ಲಾ ಕ್ಷೇತ್ರ ಇರುತ್ತದೆ. ಹತ್ತು ಮೀಟರ್ ದೂರದಲ್ಲಿ ಅದು 20ಕ್ಕೆ ಇಳಿಯುತ್ತದೆ.

ದೊಡ್ಡ ಮೀನು ಬೇಡವೆನಿಸಿದ ಕಡೆಯಿಂದ ಈಜಿ ದೂರ ಹೋಗಬಲ್ಲದು. ಮೊಟ್ಟೆಗೆ ಆ ಅವಕಾಶವಿಲ್ಲ. ಆದ್ದರಿಂದ ವಿಜ್ಞಾನಿಗಳ ಗಮನ ಮೊಟ್ಟೆ ಮತ್ತು ಎಳೆಮರಿಗಳತ್ತ ಹರಿದಿದೆ.

ಪೋಲೆಂಡಿನ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ನೋಡೋಣ. ರೇನ್‌ಬೋ ಟ್ರೌಟ್ ಮೀನಿನ ಮೊಟ್ಟೆ, ಮರಿಗಳನ್ನು ಅವರು 10 ಮಿಲಿಟೆಸ್ಲಾ ಸ್ಥಿರ ಕಾಂತಕ್ಷೇತ್ರದಲ್ಲಿ ಇರಿಸಿದರು. ಇದು ಭೂಮಿಯ ಕ್ಷೇತ್ರದ ಸುಮಾರು 200 ಪಟ್ಟು! ಆದರೂ ಸಾವಿನ ಪ್ರಮಾಣ ಏರಲಿಲ್ಲ, ಮೊಟ್ಟೆಯೊಡೆಯುವ ಕಾಲ ಬದಲಾಗಲಿಲ್ಲ, ಮರಿಗಳ ಬೆಳವಣಿಗೆ ಕುಂಠಿತವಾಗಲಿಲ್ಲ. ಒಂದು ವ್ಯತ್ಯಾಸ ಮಾತ್ರ ಕಂಡಿತು: ಮರಿಯ ಹೊಟ್ಟೆಗೆ ಅಂಟಿದ ಹಳದಿ ಚೀಲದಲ್ಲಿನ ಆಹಾರ ಬೇಗ ಖರ್ಚಾಯಿತು. ತಾನೇ ಆಹಾರ ಹುಡುಕಲು ಕಲಿಯುವವರೆಗೆ ಮರಿಗೆ ಈ ಚೀಲವೇ ಬುತ್ತಿ. ಬುತ್ತಿ ಬೇಗ ಮುಗಿದರೆ ಕಲಿಯಲು ಸಿಗುವ ಕಾಲ ಕಡಿಮೆಯಾಗಬಹುದು.

ಹಾಗಾದರೆ ಇನ್ನೂ ದುರ್ಬಲ ಕ್ಷೇತ್ರಗಳು ನಿರುಪದ್ರವಿಗಳೇ? ಹಾಗೆನ್ನುವಂತಿಲ್ಲ. 2022ರಲ್ಲಿ ನಾರ್ವೆಯಲ್ಲಿ ನಡೆದ ಅಧ್ಯಯನದಲ್ಲಿ ಹ್ಯಾಡಕ್ ಮೀನಿನ ಎಳೆಮರಿಗಳನ್ನು 50ರಿಂದ 150 ಮೈಕ್ರೋಟೆಸ್ಲಾ ಕ್ಷೇತ್ರಕ್ಕೆ ಒಡ್ಡಲಾಯಿತು. ಹೆಚ್ಚಿನ ಮರಿಗಳ ಈಜುವ ವೇಗ ಸುಮಾರು ಶೇ. 60ರಷ್ಟು ಇಳಿಯಿತು. ಸ್ಯಾಂಡ್‌ಈಲ್ ಎಂಬ ಇನ್ನೊಂದು ಮೀನಿನ ಮರಿಗಳು ನೀರಿನಲ್ಲಿ ಹರಡಿಕೊಳ್ಳುವ ರೀತಿ ಮಾತ್ರ ಇಂಥದೇ ಕ್ಷೇತ್ರದಲ್ಲಿ ಬದಲಾಗಲಿಲ್ಲ. ಅಂದರೆ ಪರಿಣಾಮ ಮೀನಿನ ಜಾತಿಯನ್ನೂ ಅವಲಂಬಿಸುತ್ತದೆ.

ಮೀನು ಸಾಕುವ ಕೇಂದ್ರಗಳಿಗೂ ಇಲ್ಲಿ ಪಾಠವಿದೆ. ಕಬ್ಬಿಣದ ಕೊಳವೆಗಳಿಂದ ವಿರೂಪಗೊಂಡ ಕಾಂತಕ್ಷೇತ್ರದಲ್ಲಿ ಬೆಳೆದ ಸ್ಟೀಲ್‌ಹೆಡ್ ಟ್ರೌಟ್ ಮರಿಗಳು ಭೂಕಾಂತಕ್ಷೇತ್ರವನ್ನು ಅನುಸರಿಸಿ ದಿಕ್ಕು ಹಿಡಿಯಲು ವಿಫಲವಾದವೆಂದು 2014ರಲ್ಲಿ ಅಮೆರಿಕದ ಸಂಶೋಧಕರು ವರದಿ ಮಾಡಿದರು.

ಎಷ್ಟು ಮೊಟ್ಟೆ ಸತ್ತವು ಎಂದು ಎಣಿಸಿದರೆ ಸಾಲದು ಎಂಬುದನ್ನು ಈ ಪ್ರಯೋಗಗಳು ತೋರಿಸುತ್ತವೆ. ಬದುಕುಳಿದ ಮರಿ ಹೇಗೆ ಈಜುತ್ತದೆ, ದಾರಿ ಹೇಗೆ ಹುಡುಕುತ್ತದೆ ಎಂಬುದನ್ನೂ ನೋಡಬೇಕು. ಗಾಳಿವಿದ್ಯುತ್ ಬೇಕೇ ಬೇಕು. ಆದರೆ ಕೇಬಲ್‌ಗಳನ್ನು ಆಳದಲ್ಲಿ ಹೂಳಿದರೆ ಮೀನುಮರಿಗೂ ಕೇಬಲ್‌ಗೂ ನಡುವಿನ ದೂರ ಹೆಚ್ಚುತ್ತದೆ. ವಿದ್ಯುತ್ ಹೋಗುವ ಮತ್ತು ಮರಳುವ ತಂತಿಗಳನ್ನು ಜೊತೆಯಾಗಿ ಹಾಸಿದರೆ ಎರಡರ ಕಾಂತಕ್ಷೇತ್ರಗಳು ಬಹುಮಟ್ಟಿಗೆ ಒಂದನ್ನೊಂದು ಅಳಿಸಿಹಾಕುತ್ತವೆ. ಭೌತಶಾಸ್ತ್ರದ ಈ ಸರಳ ನಿಯಮಗಳು ಮೀನುಮರಿಗಳ ನೆರವಿಗೂ ಬರುತ್ತವೆ.