ಕೆಂಪು ಶಾಯಿಯಲ್ಲಿ ಒಂದು ಪ್ರಶ್ನೆ

ಮೈಸೂರಿನ ದೇವರಾಜ ಮೊಹಲ್ಲಾದಲ್ಲಿ, ಅರಸು ರಸ್ತೆಯ ಬಟ್ಟೆಯಂಗಡಿಗಳ ಬೆನ್ನಿಗೆ ಇನ್ನೂ ಒಂದೆರಡು ಹೆಂಚಿನ ಮನೆಗಳು ಉಳಿದಿವೆ. ಅಂಥ ಒಂದು ಮನೆಯ ಗಾಡ್ರೆಜ್ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗಿನ ಅರೆಯಲ್ಲಿ, ಹನ್ನೊಂದು ನೋಟ್‌ಬುಕ್ಕುಗಳಿವೆ. ರಟ್ಟಿನ ಮೇಲೆ ‘ಫೀಲ್ಡ್ ವರ್ಕ್ ರೆಕಾರ್ಡ್’ ಎಂದು ದುಂಡಗೆ ಬರೆದಿದೆ. ಮನೆಯೊಡತಿಗೆ ಈಗ ಎಪ್ಪತ್ತು ದಾಟಿದೆ. ಹೆಸರು ಹಾಕಬೇಡ ಎಂದಿದ್ದಾರೆ, ಹಾಕುವುದಿಲ್ಲ. ಬೀದಿಯವರೆಲ್ಲ ಅವರನ್ನು ‘ಮೇಡಂ’ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ.

ಮಂಡ್ಯ ಕಡೆಯ ರೈತರ ಮನೆಯ ಹುಡುಗಿಯಾಗಿದ್ದ ಮೇಡಂ 1974ರಲ್ಲಿ ಬಸ್ಸಿನಲ್ಲಿ ಮಡಿಕೇರಿ ಘಟ್ಟ ಇಳಿದು ಮಂಗಳೂರಿಗೆ ಹೋದರು. ಓದಲು ಸೇರಿದ್ದು ರೋಶನಿ ನಿಲಯ ಎಂಬ ಕಾಲೇಜಿಗೆ, ಎಂ.ಎಸ್.ಡಬ್ಲ್ಯೂಗೆ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಗೆ. ಊರಿನಲ್ಲಿ ಯಾರಿಗೂ ಆ ಮೂರಕ್ಷರದ ಅರ್ಥ ತಿಳಿಯಲಿಲ್ಲ. ಸಮಾಜಸೇವೆ ಮಾಡಲು ಕಾಲೇಜು ಯಾಕೆ, ಪುಣ್ಯ ಕಟ್ಟಿಕೊಳ್ಳಲು ಪರೀಕ್ಷೆ ಬೇಕೇ ಎಂದು ತಾತ ಕೇಳಿದ್ದರಂತೆ. ಆಗಿನ್ನೂ ಮಂಗಳೂರು ವಿಶ್ವವಿದ್ಯಾಲಯ ಇರಲಿಲ್ಲ, ಅದು ಹುಟ್ಟಿದ್ದು 1980ರಲ್ಲಿ. ಹಾಗಾಗಿ ಕಡಲತಡಿಯಲ್ಲಿ ಓದಿ ಪಡೆದ ಪದವಿಗೆ ಬಿದ್ದದ್ದು ನಮ್ಮ ಮೈಸೂರು ವಿಶ್ವವಿದ್ಯಾಲಯದ ಮುದ್ರೆ.

ಆ ಕಾಲೇಜು ಶುರುವಾದದ್ದು 1960ರಲ್ಲಿ. ಸಮಾಜಕಾರ್ಯ ಕಲಿಸಲೆಂದೇ ಹುಟ್ಟಿದ ಸಂಸ್ಥೆಗಳಲ್ಲಿ ಕರ್ನಾಟಕಕ್ಕೆ ಅದೇ ಮೊದಲನೆಯದು. ಕಟ್ಟಿದವರು ‘ಡಾಟರ್ಸ್ ಆಫ್ ದ ಹಾರ್ಟ್ ಆಫ್ ಮೇರಿ’ ಎಂಬ ಕ್ಯಾಥೊಲಿಕ್ ಸಂಘದ ಹೆಂಗಸರು. ಅವರದೊಂದು ವಿಶೇಷವುಂಟು. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ಸನ್ಯಾಸಿ ಮಠಗಳನ್ನೆಲ್ಲ ಮುಚ್ಚಿಸುತ್ತಿದ್ದಾಗ ಹುಟ್ಟಿದ ಸಂಘವಾದ್ದರಿಂದ ಅದರ ಸದಸ್ಯೆಯರು ನಿಲುವಂಗಿ ತೊಡುವುದಿಲ್ಲ. ವ್ರತ ಹಿಡಿದೂ ಎಲ್ಲರಂತೆ ಬಟ್ಟೆ ಉಟ್ಟು ಜನರ ನಡುವೆ ಇರುತ್ತಾರೆ. ಮುಂಬೈಯ ನಿರ್ಮಲಾ ನಿಕೇತನವನ್ನು 1955ರಲ್ಲಿ ತೆರೆದವರೂ ಇವರೇ. “ಕಾಟನ್ ಸೀರೆ ಉಟ್ಟು ಪಾಠ ಮಾಡ್ತಿದ್ರು. ಅವರು ಕನ್ಯಾಸ್ತ್ರೀ ಅಂತ ಗೊತ್ತಾಗೋಕೆ ನಂಗೆ ಒಂದು ಟರ್ಮೇ ಬೇಕಾಯ್ತು ಕಣಪ್ಪಾ” ಎನ್ನುತ್ತಾರೆ ಮೇಡಂ.

ಬಡವರ ಸೇವೆಗೂ ಕ್ರೈಸ್ತ ಶಿಕ್ಷಣಕ್ಕೂ ನಂಟು ಅದಕ್ಕಿಂತ ಹಳೆಯದು. ಮೇಡಂ ಮನೆಯಿಂದ ನಡೆದೇ ಹೋಗಬಹುದಾದ ಝಾನ್ಸಿ ಲಕ್ಷ್ಮೀಬಾಯಿ ರಸ್ತೆಯ ಹಾರ್ಡ್‌ವಿಕ್ ಶಾಲೆ 1854ರದು, ವೆಸ್ಲಿಯನ್ ಮಿಷನ್ನಿನದು. ಕುವೆಂಪು ಓದಿದ ಮಿಷನ್ ಹೈಸ್ಕೂಲು ಅದೇ. 1876–78ರ ಧಾತು ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನದ ಹತ್ತು ಲಕ್ಷದಷ್ಟು ಜನ ಸತ್ತರೆಂದು ಅಂದಾಜು. ಆಗ ಅದೇ ಮಿಷನ್ನಿನವರು ಅನಾಥ ಗಂಡುಮಕ್ಕಳಿಗೆ ತುಮಕೂರಿನಲ್ಲಿ, ಹೆಣ್ಣುಮಕ್ಕಳಿಗೆ ಹಾಸನದಲ್ಲಿ ನೆಲೆ ಕೊಟ್ಟರು. ಮಂಗಳೂರಿನ ಬಾಸೆಲ್ ಮಿಷನ್ನಿನವರು 1865ರಲ್ಲೇ ಹೆಂಚಿನ ಕಾರ್ಖಾನೆ ತೆರೆದು ಕೂಲಿ ಕೊಟ್ಟಿದ್ದರು. ಅನ್ನ ಹಾಕುವುದು, ಕಸುಬು ಕಲಿಸುವುದು ಅಲ್ಲಿಯವರೆಗಿನ ದಾರಿ. ಬಡತನವನ್ನು ಕೂತು ಓದಬೇಕು, ಅದಕ್ಕೆ ತರಬೇತಿ ಬೇಕು ಎಂಬ ಮಾತು ಬಂದದ್ದು ತಡವಾಗಿ. ಮುಂಬೈಯ ನಾಗಪಾಡಾದ ಬಡ ಕೇರಿಯಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ಮಿಷನರಿ ಕ್ಲಿಫರ್ಡ್ ಮ್ಯಾನ್ಶಾರ್ಟ್ 1936ರಲ್ಲಿ ಟಾಟಾ ಟ್ರಸ್ಟಿನ ನೆರವಿನಿಂದ ದೇಶದ ಮೊದಲ ಸಮಾಜಕಾರ್ಯ ಶಾಲೆಯ ನಿರ್ದೇಶಕರಾದರು. ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ (ಟಿಸ್) ಅದೇ.

ಇತಿಹಾಸ ಇಷ್ಟು ಸಾಕು. ನಾನು ಹೋದದ್ದು ಆ ನೋಟ್‌ಬುಕ್ಕುಗಳಿಗಾಗಿ.

ವಾರದಲ್ಲಿ ಎರಡು ದಿನ ಎಂ.ಎಸ್.ಡಬ್ಲ್ಯೂ ವಿದ್ಯಾರ್ಥಿಗಳು ತರಗತಿಗೆ ಬರುವಂತಿಲ್ಲ. ಆಸ್ಪತ್ರೆ, ಕೇರಿ, ಶಾಲೆ, ಸಂಸ್ಥೆ, ಎಲ್ಲಿಗೆ ಹಾಕಿದ್ದಾರೋ ಅಲ್ಲಿಗೆ ಹೋಗಬೇಕು. ಬಂದು ರಾತ್ರಿ ರೆಕಾರ್ಡ್ ಬರೆಯಬೇಕು: ಯಾರ ಮನೆಗೆ ಹೋದೆ, ಏನು ಕಂಡೆ, ಏನು ಕೇಳಿದೆ, ಅವರೇನೆಂದರು, ಆಗ ನನ್ನ ಮನಸ್ಸಿಗೆ ಏನಾಯಿತು. ಅದನ್ನು ಸೂಪರ್‌ವೈಸರ್ ಓದಿ, ವಾರಕ್ಕೊಮ್ಮೆ ಒಬ್ಬೊಬ್ಬರನ್ನೇ ಎದುರಿಗೆ ಕೂರಿಸಿಕೊಂಡು ಮಾತಾಡುತ್ತಾರೆ. ಇದಕ್ಕೆ ‘ಐ.ಸಿ.’ (ಇಂಡಿವಿಜುವಲ್ ಕಾನ್ಫರೆನ್ಸ್) ಎಂದು ಹೆಸರು. ಹಳ್ಳಿ ಕ್ಯಾಂಪು, ಕೊನೆಗೆ ಒಂದು ತಿಂಗಳು ಒಂದೇ ಸಂಸ್ಥೆಯಲ್ಲಿ ಕೆಲಸ ಮಾಡುವ ಬ್ಲಾಕ್ ಪ್ಲೇಸ್‌ಮೆಂಟು ಇವೂ ಇವೆ. ಆದರೆ ಇಡೀ ಓದಿನ ಬೆನ್ನೆಲುಬು ಈ ಎರಡು ದಿನ ಮತ್ತು ಆ ನೋಟ್‌ಬುಕ್ಕು.

ಮೂರನೆಯ ನೋಟ್‌ಬುಕ್ಕಿನ ಒಂದು ಪುಟವನ್ನು ಮೇಡಂ ತಾವೇ ತೆರೆದು ತೋರಿಸಿದರು. ಬೀಡಿ ಕಟ್ಟುವ ತಾಯಿ, ಎಂಟು ವರ್ಷದ ಮಗಳು. ಮಗಳು ಶಾಲೆ ಬಿಟ್ಟಿದ್ದಾಳೆ. “ತಾಯಿಗೆ ಶಿಕ್ಷಣದ ಮಹತ್ವ ತಿಳಿದಿಲ್ಲ, ತಿಳಿವಳಿಕೆ ನೀಡಲಾಯಿತು” ಎಂದು ನೀಲಿ ಶಾಯಿಯಲ್ಲಿ ಬರೆದಿದೆ. ಅದರ ಸುತ್ತ ಕೆಂಪು ಗೆರೆ. ಅಂಚಿನಲ್ಲಿ ಕೆಂಪು ಅಕ್ಷರದ ಪ್ರಶ್ನೆ: ಎಷ್ಟು ಬೀಡಿ?

ಅಷ್ಟೇ, ಬೇರೇನೂ ಇಲ್ಲ.

“ನಂಗೆ ಅವಮಾನ ಆಯ್ತು. ಮಾರನೇ ವಾರ ಹೋಗಿ ಸುಮ್ನೆ ಕೂತು ಎಣಿಸ್ದೆ” ಎಂದರು ಮೇಡಂ. ತಾಯಿ ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ ನೂಲು ಕಟ್ಟುತ್ತಾಳೆ. ತುದಿ ಮಡಚಿ ಮುಚ್ಚುವುದು ಮಗಳ ಕೆಲಸ, ಸಣ್ಣ ಬೆರಳಿಗೆ ಅದು ಬೇಗ ಆಗುತ್ತದೆ. ಮಗಳಿದ್ದರೆ ಸಾವಿರ ಬೀಡಿ ಬೆಳಕಿರುವಾಗಲೇ ಮುಗಿದು ಬೀಡಿ ಕಂಪನಿಯ ಬ್ರಾಂಚಿಗೆ ಹೋಗುತ್ತದೆ. ಶಾಲೆಗೆ ಹೋದರೆ ಏಳುನೂರಕ್ಕೆ ಕತ್ತಲಾಗುತ್ತದೆ. ಬ್ರಾಂಚಿನಲ್ಲಿ ಕಂಟ್ರಾಕ್ಟರು ಕಟ್ಟು ಬಿಚ್ಚಿ ನೋಡಿ, ಸರಿಯಿಲ್ಲದ್ದನ್ನು ಪಕ್ಕಕ್ಕೆ ಎಸೆಯುತ್ತಾನೆ, ಅದಕ್ಕೆ ಕೂಲಿಯಿಲ್ಲ. ಆ ಮುನ್ನೂರು ಬೀಡಿಯ ಕೂಲಿಯೇ ಮನೆಯ ಅಕ್ಕಿ. ಇಷ್ಟನ್ನೂ ಮುಂದಿನ ಪುಟದಲ್ಲಿ ಲೆಕ್ಕದ ಸಮೇತ ಬರೆದಿದ್ದಾರೆ. ‘ತಿಳಿವಳಿಕೆ ನೀಡಲಾಯಿತು’ ಎಂಬ ಮಾತು ಆಮೇಲಿನ ಎಂಟು ನೋಟ್‌ಬುಕ್ಕುಗಳಲ್ಲಿ ಎಲ್ಲೂ ಇಲ್ಲ. ನಾನು ಹುಡುಕಿ ನೋಡಿದೆ.

ಓದು ಮುಗಿಸಿದ ಮೇಲೆ ಮೇಡಂ ಕೊಳ್ಳೇಗಾಲ, ಎಚ್.ಡಿ. ಕೋಟೆ ಕಡೆಯ ಹಳ್ಳಿಗಳಲ್ಲಿ ಇಪ್ಪತ್ತೆಂಟು ವರ್ಷ ಹೆಂಗಸರ ಸಂಘಗಳ ಜೊತೆ ಕಳೆದರು. ಇಂದು ಮನೆಮಾತಾಗಿರುವ ಸ್ವಸಹಾಯ ಸಂಘದ ಬೇರು ಹುಡುಕಿದರೆ ನಮ್ಮ ಸೀಮೆಗೇ ಬಂದು ನಿಲ್ಲುತ್ತೇವೆ. ಟಿಬೆಟ್ ನಿರಾಶ್ರಿತರಿಗೆ ನೆಲೆ ಮಾಡಿಕೊಡಲು 1968ರಲ್ಲಿ ಹುಟ್ಟಿದ ಮೈರಾಡ, ಹೆಸರಿನಲ್ಲೇ ಮೈಸೂರನ್ನು ಇಟ್ಟುಕೊಂಡ ಸಂಸ್ಥೆ. (ರಾಜ್ಯಕ್ಕೇ ಆಗ ಮೈಸೂರೆಂದು ಹೆಸರು.) ಅದು ನೆರವಾಗಿದ್ದ ದೊಡ್ಡ ಸಹಕಾರ ಸಂಘಗಳು 1984–85ರ ಹೊತ್ತಿಗೆ ಒಡೆದಾಗ, ಒಬ್ಬರನ್ನೊಬ್ಬರು ನಂಬುವ ಹತ್ತಿಪ್ಪತ್ತು ಜನ ಗುಂಪುಗುಂಪಾಗಿ ಬಂದು ಸಾಲ ತೀರಿಸಲು ನಾವು ಸಿದ್ಧ ಎಂದರು. ಆ ನಂಬಿಕೆಯನ್ನೇ ಹಿಡಿದು ಸಂಘ ಕಟ್ಟಲಾಯಿತು. 1987ರಲ್ಲಿ ನಬಾರ್ಡ್ ಮೈರಾಡಕ್ಕೆ ಹತ್ತು ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ದೇಶದಾದ್ಯಂತ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ನಡೆಯಿತು. ಬಡವರ ಮನೆಯಲ್ಲಿ ಕೂತು ಎಣಿಸಲು ಕಲಿತವರು ಇಲ್ಲದಿದ್ದರೆ ಇದು ಕಾಗದದ ಮೇಲೆಯೇ ಉಳಿಯುತ್ತಿತ್ತು ಎಂದು ನನ್ನ ನಂಬಿಕೆ.

ಎಂ.ಎಸ್.ಡಬ್ಲ್ಯೂ ಈಗ ಊರೂರಲ್ಲಿದೆ. ಸೇರುವವರಲ್ಲಿ ಬಹಳ ಮಂದಿಯ ಕಣ್ಣು ಕಾರ್ಖಾನೆಯ ಎಚ್.ಆರ್. ಕುರ್ಚಿಯ ಮೇಲೆ. ಅವರನ್ನು ದೂರುವಂತಿಲ್ಲ, ಸಂಬಳ ಅಲ್ಲಿದೆ. ಇತ್ತ ವಿದ್ಯಾರ್ಥಿಗಳು ಫೀಲ್ಡ್ ವರ್ಕಿಗೆ ಹೋಗುವ ಹಳ್ಳಿಯ ಸಣ್ಣ ಸೇವಾ ಸಂಸ್ಥೆಗಳ ಸ್ಥಿತಿ ಬಿಗಿಯಾಗಿದೆ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ಪ್ರಕಾರ, ದೇಣಿಗೆ ಪಡೆದ ದೊಡ್ಡ ಸಂಸ್ಥೆ ಅದರಲ್ಲಿ ಸಣ್ಣ ಸಂಸ್ಥೆಗೆ ಪಾಲು ಕೊಡುವಂತಿಲ್ಲ, ಆಡಳಿತದ ಖರ್ಚು ನೂರಕ್ಕೆ ಇಪ್ಪತ್ತು ಮೀರುವಂತಿಲ್ಲ. ಹಳ್ಳಿ ತಿರುಗುವ ಹುಡುಗಿಯ ಸಂಬಳವೂ ಎಷ್ಟೋ ವೇಳೆ ಆಡಳಿತದ ಖರ್ಚೆಂದೇ ಲೆಕ್ಕಕ್ಕೆ ಬರುತ್ತದೆ. ಲೆಕ್ಕ ಕಟ್ಟುನಿಟ್ಟಾಗಿರಬೇಕು, ನಿಜ. ಆದರೆ ಸಣ್ಣ ಸಂಸ್ಥೆ ಮುಚ್ಚಿದರೆ ಆ ಎರಡು ದಿನ ವಿದ್ಯಾರ್ಥಿ ಎಲ್ಲಿಗೆ ಹೋಗಬೇಕು? ಈ ವಿದ್ಯೆಯನ್ನು ತರಗತಿಯಲ್ಲಿ ಕೂತು ಕಲಿಯಲಾಗದು. ಫೀಲ್ಡ್ ವರ್ಕ್ ಉಳಿಸಿಕೊಳ್ಳುವ ಕಾಲೇಜುಗಳ ಬೆನ್ನಿಗೆ ನಾವು ನಿಲ್ಲಬೇಕು.

ಕಾಫಿ ಕೊಟ್ಟು ಮೇಡಂ ನೋಟ್‌ಬುಕ್ಕುಗಳನ್ನು ಮತ್ತೆ ಅರೆಯಲ್ಲಿಟ್ಟರು. ಮನೆ ಮಾರಾಟದ ಮಾತು ನಡೆಯುತ್ತಿದೆ. ಮಗ ಹೊರದೇಶದಲ್ಲಿದ್ದಾನೆ. ಇವನ್ನೇನು ಮಾಡುತ್ತೀರಿ ಎಂದು ಕೇಳಿದೆ, ಉತ್ತರ ಬರಲಿಲ್ಲ.

ಹೊರಡುವಾಗ ಆ ಹುಡುಗಿ ಮತ್ತೆ ಶಾಲೆಗೆ ಹೋದಳೇ ಎಂದೆ. ಮೂರನೆಯ ನೋಟ್‌ಬುಕ್ಕನ್ನೇ ಇನ್ನೊಮ್ಮೆ ತೆಗೆದು ಕೊನೆಯ ಪುಟ ತೋರಿಸಿದರು. ಟರ್ಮು ಮುಗಿದಿತ್ತು, ಇವರನ್ನು ಫೀಲ್ಡ್ ವರ್ಕಿಗೆ ಒಂದು ಆಸ್ಪತ್ರೆಗೆ ಹಾಕಿದ್ದರು. ಆ ಕೇರಿಗೆ ಮತ್ತೆ ಹೋಗಲಾಗಲಿಲ್ಲ. “ಈಗ ಅವಳಿಗೆ ಐವತ್ತೆಂಟಿರಬೇಕು” ಎಂದು ಮೇಡಂ ಬೆರಳು ಮಡಚಿ ಲೆಕ್ಕ ಹಾಕಿದರು. ಪುಟದ ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಸಹಿ, ಒಂದು ತಾರೀಖು ಇತ್ತು.